ಎರಡು ವಾಡಿ, ಒಂದು ತಾಮ್ರಪಟ

ವಾಡಿ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಕಲಬುರಗಿ ಜಿಲ್ಲೆಯ ಜಂಕ್ಷನ್. ದೆಹಲಿಯಿಂದಲೋ ಮುಂಬೈಯಿಂದಲೋ ರೈಲಿನಲ್ಲಿ ಊರಿಗೆ ಹೊರಟವರು ಅಲ್ಲಿ ಒಮ್ಮೆಯಾದರೂ ಇಳಿದು ಚಹಾ ಕುಡಿದಿರುತ್ತಾರೆ. ಈ ಸಲ ಹೇಳಹೊರಟಿರುವುದು ಇನ್ನೊಂದು ವಾಡಿಯ ಕಥೆ. ಅದಿರುವುದು ನಾಗಪುರದ ಪಶ್ಚಿಮ ಅಂಚಿಗೆ, ಅಮರಾವತಿ ರಸ್ತೆಯಲ್ಲಿ.

ಮರಾಠಿಯಲ್ಲಿ ವಾಡಿ ಎಂದರೆ ಪುಟ್ಟ ಹಳ್ಳಿ. ಈಗ ಸ್ವಂತ ನಗರ ಪರಿಷತ್ತು ಇರುವ ಪಟ್ಟಣವಾಗಿದ್ದರೂ ಹೆಸರು ಹಾಗೇ ಉಳಿದಿದೆ. ಮುಂಬೈ–ಕೋಲ್ಕತಾ ಕಡೆಯ ಲಾರಿಗಳು ಹಾಯುವ ಹೆದ್ದಾರಿ, ಸಾಲುಸಾಲು ಗೋದಾಮು, ಟ್ರಾನ್ಸ್‌ಪೋರ್ಟ್ ಕಚೇರಿ, ಟಯರ್ ಅಂಗಡಿ. ಸರಕು ನಗರದ ಗಡಿ ದಾಟಿದರೆ ಜಕಾತಿ ಕಟ್ಟಬೇಕಿದ್ದ ಕಾಲದಲ್ಲಿ ನಾಕಾದ ಆಚೆ ಮಾಲು ಇಳಿಸಿಡುವುದು ಜಾಣತನವಾಗಿತ್ತು. ಜಕಾತಿ ಹೋಯಿತು, ಗೋದಾಮುಗಳು ಉಳಿದವು. ಪಕ್ಕದಲ್ಲೇ 1966ರಲ್ಲಿ ಶುರುವಾದ ಅಂಬಾಝರಿ ಆರ್ಡ್ನೆನ್ಸ್ ಫ್ಯಾಕ್ಟರಿ. 2021ರಿಂದ ಅದು ಯಂತ್ರ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಭಾಗ. ಇಂಥ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಎಲ್ಲ ರಾಜ್ಯದವರೂ ಇರುತ್ತಾರೆಂದು ಬೇರೆ ಹೇಳಬೇಕಿಲ್ಲ.

ಪ್ರವಾಸಿಗಳಿಗೆ ತೋರಿಸಲು ಇಲ್ಲೇನೂ ಇಲ್ಲ ಅನ್ನಿಸಬಹುದು. ಆದರೆ ನಾಗಪುರಕ್ಕೆ ಹೆಸರು ಕೊಟ್ಟ ನಾಗ ನದಿ ಹುಟ್ಟುವುದು ವಾಡಿಯ ಹತ್ತಿರದ ಲಾವಾ ಗುಡ್ಡಗಳಲ್ಲಿ. ಅಲ್ಲಿಂದ ಅಂಬಾಝರಿ ಕೆರೆಗೆ, ಕೆರೆಯಿಂದ ನಗರದ ನಟ್ಟನಡುವೆ ಹರಿದು ಕನ್ಹಾನ್ ನದಿಯನ್ನು ಸೇರುತ್ತದೆ. ವೈನಗಂಗಾ, ಪ್ರಾಣಹಿತಾಗಳ ಮೂಲಕ ಆ ನೀರು ಕೊನೆಗೆ ಗೋದಾವರಿ ಮುಟ್ಟುತ್ತದೆ. ಒಂದು ಕಾಲಕ್ಕೆ ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಈಗ ಅದಕ್ಕೆ ವಾಡಿಯ ಚರಂಡಿ ನೀರೂ ಸೇರುತ್ತದೆ, ಮೇಲೆ ಅಂತರಗಂಗೆ ಹಬ್ಬುತ್ತದೆ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆ ಸುರಿದ ಮಳೆಗೆ ಅದೇ ಕೆರೆ ಉಕ್ಕಿ ಕೆಳಗಿನ ಬಡಾವಣೆಗಳ ಮನೆಗಳಿಗೆ ನುಗ್ಗಿತು. ಮೇಲಿನ ಊರು ಬೇರೆ, ಕೆಳಗಿನ ನಗರ ಬೇರೆ ಎಂಬುದು ಕಾಗದದ ಮೇಲಿನ ಗಡಿ. ನೀರಿಗೆ ಅದು ಗೊತ್ತಿಲ್ಲ. ಬೆಂಗಳೂರಿನ ಬೆಳ್ಳಂದೂರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನು ಕನ್ನಡದ ನಂಟು. ಗೊಂಡ ರಾಜ ಬಖ್ತ್ ಬುಲಂದ್ ಶಾಹ 1702ರಲ್ಲಿ ನಾಗಪುರವನ್ನು ಕಟ್ಟಿಸಿದನೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಹೆಸರು ಮಾತ್ರ ಅದಕ್ಕಿಂತ ಬಹಳ ಹಳೆಯದು. ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ತಾಮ್ರಪಟವೊಂದು ನಾಗಪುರ–ನಂದಿವರ್ಧನ ಎಂಬ ವಿಷಯದ, ಅಂದರೆ ಜಿಲ್ಲೆಯ, ಹಳ್ಳಿಯೊಂದನ್ನು ದಾನ ಕೊಟ್ಟದ್ದನ್ನು ಹೇಳುತ್ತದೆ. ಕಾಲ ಶಕ 862, ಅಂದರೆ ಕ್ರಿ.ಶ. 940. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ, ನಮ್ಮ ಪೊನ್ನನಿಗೆ ಆಶ್ರಯ ಕೊಟ್ಟ ದೊರೆ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ಅಲ್ಲಿಗೆ ರೈಲಿನಲ್ಲಿ ಹೋಗಬೇಕೆಂದರೆ ಯಾವ ಜಂಕ್ಷನ್ನಿನಿಂದ ಸಿಕಂದರಾಬಾದ್ ಮಾರ್ಗ ಹಿಡಿಯಬೇಕು ಹೇಳಿ? ನಮ್ಮ ವಾಡಿಯಿಂದ!

ಊಟದ ವಿಷಯಕ್ಕೆ ಒಂದು ಎಚ್ಚರಿಕೆ. ಈ ಕಡೆ 'ಸಾಂಬಾರ್' ಎಂದರೆ ಕೊತ್ತಂಬರಿ ಸೊಪ್ಪು. ಹೋಟೆಲಿನಲ್ಲಿ ಸಾಂಬಾರ್‌ವಡಿ ಕೇಳಿದರೆ ಬೇಳೆಸಾರಿನಲ್ಲಿ ಮುಳುಗಿದ ವಡೆ ಬರುವುದಿಲ್ಲ. ಕೊತ್ತಂಬರಿ ತುಂಬಿ ಸುತ್ತಿ ಎಣ್ಣೆಯಲ್ಲಿ ಕರಿದ ಗರಿಗರಿ ಸುರುಳಿ ಬರುತ್ತದೆ. ಜೊತೆಗೆ ಕೊಡುವ ಕಢಿಯನ್ನು ಬಿಡಬೇಡಿ.