ಯಾರ ಬರಹಕ್ಕೆ ಯಾರ ಕೈ?

ಜಾಲತಾಣದಲ್ಲಿ ಯಾರು ಯಾವ ಬರಹ ತಿದ್ದಬಹುದೆಂಬುದಕ್ಕೆ ಸ್ವಂತ ಕೋಡ್ ಬರೆದು ಕಡಿವಾಣ ಹಾಕಬೇಕೆ?

ಪರ

ವರ್ಡ್‌ಪ್ರೆಸ್‌ನಲ್ಲಿ ಮೊದಲೇ ಸಿದ್ಧವಾಗಿರುವ ಹುದ್ದೆಗಳು ಐದು: ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್. ಆಥರ್ ಆದವರು ತಮ್ಮ ಬರಹವನ್ನಷ್ಟೇ ತಿದ್ದಬಲ್ಲರು. ಎಡಿಟರ್ ಆದರೋ ಎಲ್ಲರದ್ದನ್ನೂ. ನಡುವೆ ಏನೂ ಇಲ್ಲ. ಕ್ರೀಡಾ ಪುಟ ನೋಡಿಕೊಳ್ಳುವವರಿಗೆ ಎಡಿಟರ್ ಪಟ್ಟ ಕೊಟ್ಟರೆ ಸಂಪಾದಕೀಯವೂ ಅವರ ಕೈಗೆ ಹೋಗುತ್ತದೆ. ಕಾಂಟ್ರಿಬ್ಯೂಟರ್ ಪಾಡು ಇನ್ನೂ ವಿಚಿತ್ರ: ಲೇಖನ ಪ್ರಕಟವಾದ ಮೇಲೆ ತಮ್ಮದೇ ಕಾಗುಣಿತದ ತಪ್ಪನ್ನೂ ಅವರು ಮುಟ್ಟುವಂತಿಲ್ಲ.

ಇದಕ್ಕೆ ವರ್ಡ್‌ಪ್ರೆಸ್ಸೇ ದಾರಿ ಇಟ್ಟಿದೆ. 'ಮ್ಯಾಪ್ ಮೆಟಾ ಕ್ಯಾಪ್' ಎಂಬ ಫಿಲ್ಟರ್‌ಗೆ ಹತ್ತಿಪ್ಪತ್ತು ಸಾಲು ಕೋಡ್ ಜೋಡಿಸಿದರೆ, ಬರಹ ತಿದ್ದಲು ಹೊರಟಾಗಲೆಲ್ಲ ಅದು ಯಾವ ವಿಭಾಗದ್ದೆಂದು ನೋಡುತ್ತದೆ. ತಮ್ಮದಲ್ಲದ ವಿಭಾಗವಾದರೆ 'ಡು ನಾಟ್ ಅಲೋ' ಎಂದು ಉತ್ತರಿಸುತ್ತದೆ, ಕಥೆ ಮುಗಿಯಿತು.

ವಿರೋಧ

ಸಾಲು ಹತ್ತಿಪ್ಪತ್ತೇ ಇರಬಹುದು, ತಪ್ಪಿಗೆ ಒಂದೇ ಸಾಕು. ಡ್ಯಾಶ್‌ಬೋರ್ಡ್ ಪಟ್ಟಿಯಿಂದ ಬೇರೆಯವರ ಬರಹಗಳನ್ನು ಮರೆಮಾಡಿ ಕೆಲಸವಾಯಿತೆಂದು ಕೈತೊಳೆದುಕೊಳ್ಳುವವರಿದ್ದಾರೆ. ಪಟ್ಟಿಯಲ್ಲಿ ಕಾಣದಿದ್ದರೇನು? ಬ್ರೌಸರ್ ವಿಳಾಸದಲ್ಲಿರುವ ಬರಹದ ಸಂಖ್ಯೆ 57ನ್ನು 58 ಮಾಡಿ ಎಂಟರ್ ಒತ್ತಿದರೆ ತಿದ್ದುವ ಪುಟ ತೆರೆದೇ ತೆರೆಯುತ್ತದೆ.

ಪಳಗಿದ ಕೈಗಳೂ ಇಲ್ಲಿ ಎಡವಿವೆ. ವರ್ಡ್‌ಪ್ರೆಸ್ 4.7ರಲ್ಲಿ ಬರಹದ ಸಂಖ್ಯೆಯ ಬಾಲಕ್ಕೆ ಒಂದೆರಡು ಅಕ್ಷರ ಅಂಟಿಸಿ ಕಳಿಸಿದರೆ, ಅನುಮತಿ ನೋಡುವ ಭಾಗಕ್ಕೆ ಅಂಥ ಬರಹವೇ ಸಿಗುತ್ತಿರಲಿಲ್ಲ. ಸಿಗದಿದ್ದುದನ್ನು ತಡೆಯುವುದೇನು ಎಂಬಂತೆ ಅದು ದಾರಿ ಬಿಡುತ್ತಿತ್ತು. ಮುಂದಿನ ಭಾಗ ಅಕ್ಷರಗಳನ್ನು ಉದುರಿಸಿ ಅಸಲಿ ಬರಹವನ್ನೇ ತಿದ್ದಿಬಿಡುತ್ತಿತ್ತು, ಅದೂ ಲಾಗಿನ್ ಇಲ್ಲದೆ! 2017ರ ಜನವರಿ 26ರಂದು 4.7.2ರಲ್ಲಿ ಈ ತೂತು ಮುಚ್ಚಿದರು. ಫೆಬ್ರವರಿಯಲ್ಲಿ ವಿಷಯ ಬಹಿರಂಗವಾದಾಗ, ಅಪ್‌ಡೇಟ್ ಮಾಡಿಕೊಳ್ಳದ ತಾಣಗಳಲ್ಲಿ ಲಕ್ಷಗಟ್ಟಲೆ ಪುಟಗಳು ಕೆಟ್ಟವು. ಇಂಥ ಕಡೆ ಬಿಡುವಿನಲ್ಲಿ ಬರೆದ ಕೋಡನ್ನು ನಂಬುವುದು ಧೈರ್ಯವೇ ಸರಿ.

ಇನ್ನು 2008ರಿಂದಲೇ ಪ್ರತಿ ತಿದ್ದುಪಡಿಯ ಹಳೆಯ ಪ್ರತಿ ಉಳಿಯುತ್ತದೆ. ಕೆಟ್ಟದ್ದನ್ನು ಒಂದು ಕ್ಲಿಕ್ಕಿನಲ್ಲಿ ಹಿಂದಕ್ಕೆ ತರಬಹುದು. ತಡೆಯುವ ಉಸಾಬರಿ ಯಾಕೆ?

ಪರ, ಮತ್ತೆ

ಹಳೆಯ ಪ್ರತಿ ಮರಳುತ್ತದೆ, ನಿಜ. ಆದರೆ ಚುನಾವಣೆ ಫಲಿತಾಂಶದ ಸುದ್ದಿಯಲ್ಲಿ ಗೆದ್ದವರ ಹೆಸರು ಅರ್ಧ ಗಂಟೆ ಅದಲುಬದಲಾಗಿದ್ದರೆ ಸ್ಕ್ರೀನ್‌ಶಾಟ್‌ಗಳು ಮರಳುವುದಿಲ್ಲ. 4.7ರ ಪ್ರಕರಣ ಹೇಳುವುದು ಪರೀಕ್ಷಿಸಿ ಬರೆಯಿರಿ ಎಂದು, ತಡೆಯೇ ಬೇಡವೆಂದಲ್ಲ. ಒಂದು ಅಪಾಯವನ್ನಂತೂ ಒಪ್ಪಲೇಬೇಕು: ಈ ಕೋಡನ್ನು ಥೀಮ್‌ನ ಫಂಕ್ಷನ್ಸ್ ಫೈಲಿಗೆ ತುರುಕಿದರೆ, ಥೀಮ್ ಬದಲಾದ ದಿನ ಕಡಿವಾಣ ಸದ್ದಿಲ್ಲದೆ ಕಳಚುತ್ತದೆ. ಅದನ್ನು 'ಎಂಯು-ಪ್ಲಗಿನ್ಸ್' ಫೋಲ್ಡರಿನಲ್ಲಿಟ್ಟರೆ ಥೀಮ್ ಬದಲಾದರೂ ಉಳಿಯುತ್ತದೆ. ಡ್ಯಾಶ್‌ಬೋರ್ಡಿನಿಂದ ಯಾರೂ ಆಫ್ ಮಾಡಲಾಗದು.