ಹನ್ನೊಂದರ ಬಳಗಕ್ಕೆ ಯಾರು ಅರ್ಹರು?

ಮಳೆಗಾಲ ಹಿಂದೆ ಸರಿದು ಕಾಲೇಜುಗಳಲ್ಲಿ ಪಂದ್ಯಾವಳಿಗಳ ದಿನಗಳು ಹತ್ತಿರವಾಗುತ್ತಿದ್ದಂತೆ ನಮ್ಮ ಕರಾವಳಿಯಲ್ಲಿ ಒಂದು ಚರ್ಚೆ ತಪ್ಪದೆ ಆರಂಭವಾಗುತ್ತದೆ. ಫುಟ್‌ಬಾಲ್ ತಂಡದ ಮೊದಲ ಹನ್ನೊಂದರಲ್ಲಿ ಯಾರಿರಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂಬ ಚರ್ಚೆ ಅದು. ನಿವೃತ್ತಿಯ ನಂತರ ಅಲೆವೂರಿನಲ್ಲಿ ನೆಲೆಸಿರುವ ನನಗೆ ಸಂಜೆಯ ನಡಿಗೆಯಲ್ಲಿ ಮಣಿಪಾಲ, ಉಡುಪಿಗಳ ಕಾಲೇಜುಗಳಲ್ಲಿ ಓದುವ ಹುಡುಗರ ಇಂಥ ವಾಗ್ವಾದಗಳು ಆಗಾಗ ಕಿವಿಗೆ ಬೀಳುತ್ತವೆ. ಹೊರಗಿನವರಿಗೆ ಇದು ಹುಡುಗಾಟಿಕೆಯ ಮಾತೆಂದು ತೋರಬಹುದು. ಆದರೆ ಒಬ್ಬ ವಿದ್ಯಾರ್ಥಿಯ ಪಾಲಿಗೆ ಆ ಪಟ್ಟಿ ಕೇವಲ ಆಟದ ವಿಷಯವಲ್ಲ. ಅದನ್ನು ಸಿದ್ಧಪಡಿಸುವ ಕ್ರಮದ ಬಗ್ಗೆ ನಾವು ಗಂಭೀರವಾಗಿ ಯೋಚಿಸಿಲ್ಲ ಎಂಬುದೇ ನನ್ನ ಆಕ್ಷೇಪ.

ಮೊದಲಿಗೆ, ಇಲ್ಲಿ ಪಣಕ್ಕಿರುವುದು ಏನೆಂದು ನೋಡೋಣ. ಕ್ರೀಡಾಪಟುಗಳನ್ನು ಸರ್ಕಾರಿ ಸೇವೆಗೆ ನೇಮಿಸಿಕೊಳ್ಳಲು ಅವಕಾಶ ಕಲ್ಪಿಸಿದ 1980ರ ಕೇಂದ್ರ ಸರ್ಕಾರದ ಆದೇಶದಲ್ಲಿ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಹರೆಂದು ಹೇಳಲಾಗಿದೆ. ರೈಲ್ವೆ, ಅಂಚೆ, ಬ್ಯಾಂಕು, ಪೊಲೀಸ್ ಇಲಾಖೆಗಳಲ್ಲಿ ಆಟದ ಬಲದಿಂದ ನೌಕರಿ ಪಡೆದು ಸಂಸಾರ ಕಟ್ಟಿಕೊಂಡವರನ್ನು ನನ್ನ ಸೇವಾವಧಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಈ ಸರಪಳಿಯ ಮೊದಲ ಕೊಂಡಿ ಕಾಲೇಜು ತಂಡ. ಅಂತರ ಕಾಲೇಜು ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದವನು ವಿಶ್ವವಿದ್ಯಾಲಯ ತಂಡಕ್ಕೆ ಹೋಗುತ್ತಾನೆ, ಅಲ್ಲಿ ಆಡಿದವನಿಗೆ ಪ್ರಮಾಣಪತ್ರ ದೊರೆಯುತ್ತದೆ. ಬೆಂಚಿನಲ್ಲಿ ಕುಳಿತವನನ್ನು ಆಯ್ಕೆದಾರರು ನೋಡುವ ಸಂಭವವೇ ಇಲ್ಲ. ಕ್ರೀಡಾ ಕೋಟಾದ ಸೀಟು, ಶುಲ್ಕ ವಿನಾಯಿತಿ, ಉಚಿತ ವಸತಿ ಮೊದಲಾದವೂ ಇದರೊಂದಿಗೆ ಸೇರಿಕೊಂಡಿವೆ. ಮೀನುಗಾರರ ಅಥವಾ ಬೀಡಿ ಕಟ್ಟುವವರ ಮನೆಯ ಹುಡುಗನಿಗೆ ಹನ್ನೊಂದರಲ್ಲಿ ಒಂದು ಸ್ಥಾನ ಎಂದರೆ ಇದೆಲ್ಲ.

ಇನ್ನು ಚರ್ಚೆಗೆ ಬರೋಣ. ಇಂಥ ವಾದಗಳು ಎಂದೂ ಮುಗಿಯದಿರಲು ಕಾರಣ 'ಅರ್ಹತೆ' ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿರುವುದು. ಈವರೆಗೆ ಯಾರು ಹೆಚ್ಚು ದುಡಿದಿದ್ದಾರೆ ಎಂಬುದು ಒಂದು. ಮುಂದಿನ ಪಂದ್ಯದಲ್ಲಿ ಯಾರು ಚೆನ್ನಾಗಿ ಆಡಬಲ್ಲರು ಎಂಬುದು ಎರಡನೆಯದು. ಉಳಿದ ಹತ್ತು ಮಂದಿಯ ಜೊತೆ ಯಾರು ಹೊಂದುತ್ತಾರೆ ಎಂಬುದು ಮೂರನೆಯದು. ಮೊದಲನೆಯದು ನ್ಯಾಯದ ಪ್ರಶ್ನೆ, ಎರಡನೆಯದು ಅಂದಾಜಿನ ಪ್ರಶ್ನೆ, ಮೂರನೆಯದು ಸಂಯೋಜನೆಯ ಪ್ರಶ್ನೆ. ವಾದಿಸುವವರಲ್ಲಿ ಒಬ್ಬರು ಮೊದಲನೆಯದಕ್ಕೆ ಉತ್ತರಿಸುತ್ತಿದ್ದರೆ ಇನ್ನೊಬ್ಬರು ಮೂರನೆಯದಕ್ಕೆ ಉತ್ತರಿಸುತ್ತಿರುತ್ತಾರೆ. ಇಬ್ಬರೂ ಸರಿಯಾಗಿಯೇ ಇರುತ್ತಾರೆ, ಜಗಳ ಮಾತ್ರ ಮುಂದುವರಿಯುತ್ತದೆ.

ಇದಕ್ಕೆ ನಮ್ಮ ಕನ್ನಡನಾಡಿನ ಕ್ರಿಕೆಟ್ ಚರಿತ್ರೆಯೇ ಉತ್ತಮ ನಿದರ್ಶನ. ಇ.ಎ.ಎಸ್. ಪ್ರಸನ್ನ ಅವರು 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ ಬಂದ ಅವರು ಎಂಜಿನಿಯರಿಂಗ್ ಪದವಿ ಪೂರೈಸುವುದಕ್ಕಾಗಿ ಟೆಸ್ಟ್ ಕ್ರಿಕೆಟ್‌ನಿಂದ ದೂರ ಉಳಿದರು. ಮರಳಿ ಟೆಸ್ಟ್ ಆಡಿದ್ದು 1967ರಲ್ಲಿ. ಅಷ್ಟರೊಳಗೆ, 1965ರಲ್ಲಿ, ಮದ್ರಾಸಿನ ಎಸ್. ವೆಂಕಟರಾಘವನ್ ಎಂಬ ಮತ್ತೊಬ್ಬ ಆಫ್ ಸ್ಪಿನ್ನರ್ ತಂಡ ಸೇರಿದ್ದರು. ಅವರೂ ಎಂಜಿನಿಯರಿಂಗ್ ಓದಿದವರೇ. ಒಂದೇ ಬಗೆಯ ಇಬ್ಬರು ಬೌಲರುಗಳು, ತಂಡದಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಒಂದೇ ಸ್ಥಾನ. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟ್ ನಾಲ್ವರೂ ಒಟ್ಟಿಗೆ ಆಡಿದ್ದು 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್ ಒಂದರಲ್ಲಿ ಮಾತ್ರ.

1971ರ ಇಂಗ್ಲೆಂಡ್ ಪ್ರವಾಸದಲ್ಲಿ ವೆಂಕಟರಾಘವನ್ ಉಪನಾಯಕರಾಗಿದ್ದರು. ಪ್ರಸನ್ನ ಅವರಿಗೆ ಆ ಸರಣಿಯ ಒಂದು ಟೆಸ್ಟಿನಲ್ಲಿಯೂ ಅವಕಾಶ ಸಿಗಲಿಲ್ಲ. ಚೆಂಡಿನ ಕಲೆಗಾರಿಕೆಯಲ್ಲಿ ಪ್ರಸನ್ನ ಮೇಲು ಎಂದು ಬೆಂಗಳೂರಿನ ಅಭಿಮಾನಿಗಳು ಅಂದಿನಿಂದ ಇಂದಿನವರೆಗೂ ವಾದಿಸುತ್ತ ಬಂದಿದ್ದಾರೆ. ಅವರು 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರೆ, ವೆಂಕಟ್ 57 ಟೆಸ್ಟ್‌ಗಳಲ್ಲಿ 156 ಪಡೆದರು. ಈ ಅಂಕಿಗಳನ್ನು ನೋಡಿದರೆ ವಾದ ಅಲ್ಲಿಗೇ ಮುಗಿಯಬೇಕು. ಆದರೆ ವೆಂಕಟ್ ಉತ್ತಮ ಸಮೀಪ ಕ್ಷೇತ್ರರಕ್ಷಕರು, ಕೆಳ ಕ್ರಮಾಂಕದಲ್ಲಿ ಬ್ಯಾಟನ್ನೂ ಬೀಸಬಲ್ಲವರು. ಆ ಸರಣಿಯನ್ನು ಭಾರತ ಗೆದ್ದಿತು ಕೂಡ. ಅಂದರೆ ಪ್ರಸನ್ನ ಪರ ವಾದಿಸುವವರು ಮೊದಲ ಪ್ರಶ್ನೆಗೆ ಉತ್ತರಿಸುತ್ತಿದ್ದಾರೆ, ವೆಂಕಟ್ ಪರ ವಾದಿಸುವವರು ಮೂರನೆಯದಕ್ಕೆ. ಅರ್ಧ ಶತಮಾನ ಕಳೆದರೂ ವಾದ ತೀರದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಕರುಣ್ ನಾಯರ್ ಅವರ ಪ್ರಕರಣ ಇನ್ನೂ ತೀಕ್ಷ್ಣವಾದುದು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅವರು ಔಟಾಗದೆ 303 ರನ್ ಗಳಿಸಿದರು. ವೀರೇಂದ್ರ ಸೆಹ್ವಾಗ್ ಅವರನ್ನು ಬಿಟ್ಟರೆ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಭಾರತೀಯರು ಅವರೊಬ್ಬರೇ. ಅದೇ ಪಂದ್ಯದಲ್ಲಿ ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 199 ರನ್ ಮಾಡಿದ್ದರು. ಆದರೆ 2017ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ ನಡೆದ ಮುಂದಿನ ಟೆಸ್ಟಿನಲ್ಲಿ ಕರುಣ್ ಹನ್ನೊಂದರಲ್ಲಿ ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ತಮ್ಮ ಸ್ಥಾನಕ್ಕೆ ಮರಳಿದ್ದರು. ಒಂದು ಇನಿಂಗ್ಸ್‌ನಿಂದ ಮತ್ತೊಬ್ಬರ ಎರಡು ವರ್ಷಗಳ ದುಡಿಮೆ ಮರೆಯಾಗದು ಎಂಬುದು ಅಂದಿನ ನಾಯಕ ವಿರಾಟ್ ಕೊಹ್ಲಿ ಅವರ ವಾದವಾಗಿತ್ತು. ಒಪ್ಪಲಿ ಬಿಡಲಿ, ಅದೊಂದು ಕಾರಣ. ಅದನ್ನು ಎಲ್ಲರ ಮುಂದೆ ಹೇಳಲಾಗಿತ್ತು ಎಂಬುದನ್ನು ಗಮನಿಸಬೇಕು.

ಮುಂದೆ ಆದದ್ದು ಬೇರೆ. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಕರುಣ್ ತಂಡದ ಜೊತೆಯಲ್ಲಿಯೇ ಇದ್ದರು. ಆದರೆ ಓವಲ್ ಟೆಸ್ಟಿನಲ್ಲಿ ಅವಕಾಶ ದೊರೆತದ್ದು ಸರಣಿಯ ನಡುವೆ ತಂಡ ಸೇರಿಕೊಂಡ ಹನುಮ ವಿಹಾರಿ ಅವರಿಗೆ. ಬಳಿಕ ಕರ್ನಾಟಕ ತಂಡದಲ್ಲಿಯೂ ಸ್ಥಾನ ಕಳೆದುಕೊಂಡ ಅವರು ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಡನೆ 779 ರನ್ ಪೇರಿಸಿದರು. 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದಾಗ ಎಂಟು ವರ್ಷಗಳು ಉರುಳಿದ್ದವು. ಆ ಸರಣಿಯಲ್ಲಿ ಒಂದು ಅರ್ಧಶತಕ ಮಾತ್ರ ಬಂದಿತು, ಮತ್ತೆ ಸ್ಥಾನ ಹೋಯಿತು. ಕೊನೆಯ ನಿರ್ಧಾರ ಸರಿಯಿರಬಹುದು. ಆದರೆ ಎಂಟು ವರ್ಷಗಳ ಮೊದಲೇ ಅವರಿಗೆ ಸತತವಾಗಿ ಹತ್ತು ಟೆಸ್ಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಇಂದು ಯಾರಲ್ಲಿಯೂ ಉತ್ತರವಿಲ್ಲ. ಅವಕಾಶ ಪಡೆಯದವನ ಸಾಮರ್ಥ್ಯದ ಮಾಹಿತಿ ಎಂದೂ ಉತ್ಪತ್ತಿಯೇ ಆಗುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ನಿಜವಾದ ನಷ್ಟ ಇದು.

ದೇಶದ ತಂಡದಲ್ಲಿಯೇ ಹೀಗಾದರೆ ಕಾಲೇಜಿನ ಮಾತೇನು? ಅಲ್ಲಿ ಆಯ್ಕೆ ಸಮಿತಿ ಇರುವುದು ಅಪರೂಪ. ಎಷ್ಟೋ ಕಡೆ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಫುಟ್‌ಬಾಲ್ ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕು. ಆಯ್ಕೆಗೆಂದು ಒಂದು ಬೆಳಗ್ಗೆ ಎರಡು ಗಂಟೆ ಮೀಸಲಾದರೆ ಅದೇ ಹೆಚ್ಚು. ಫುಟ್‌ಬಾಲ್ ಎಂಬುದು ಗೋಲುಗಳೇ ವಿರಳವಾದ ಆಟ. ಎರಡು ಗಂಟೆಯಲ್ಲಿ ಒಬ್ಬ ಎರಡು ಗೋಲು ಹೊಡೆದರೆ ಅದರಲ್ಲಿ ಕೌಶಲ ಎಷ್ಟು, ಅದೃಷ್ಟ ಎಷ್ಟು ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಎದುರಾಳಿಗೆ ಹಾದಿಯೇ ಸಿಗದಂತೆ ನಿಂತ ರಕ್ಷಣಾ ಆಟಗಾರನ ಕೆಲಸವಂತೂ ಲೆಕ್ಕಕ್ಕೇ ಬರುವುದಿಲ್ಲ.

ಇದರ ಜೊತೆಗೆ ಪಂದ್ಯಾವಳಿಗಳ ಸ್ವರೂಪವೂ ಹೊಸಬರಿಗೆ ಪ್ರತಿಕೂಲವಾಗಿದೆ. ಸೋತವರು ಮನೆಗೆ ಎಂಬ ನಾಕೌಟ್ ಪದ್ಧತಿಯಲ್ಲಿ ಒಂದು ಸೋಲಿಗೆ ಇಡೀ ವರ್ಷ ಮುಗಿದುಹೋಗುತ್ತದೆ. ಹೀಗಿರುವಾಗ ಯಾವ ತರಬೇತುದಾರರೂ ಪ್ರಥಮ ವರ್ಷದ ಹುಡುಗನನ್ನು ಪ್ರಯೋಗಿಸಿ ನೋಡಲಾರರು. ಗೊತ್ತಿರುವ ಮುಖಗಳನ್ನೇ ನೆಚ್ಚಿಕೊಳ್ಳುತ್ತಾರೆ. ಇದು ಅವರ ಪಕ್ಷಪಾತವಲ್ಲ, ವ್ಯವಸ್ಥೆ ಅವರ ಮುಂದಿಟ್ಟಿರುವ ಲೆಕ್ಕಾಚಾರ. ಎರಡನೇ ಗೋಲ್‌ಕೀಪರನ ಪಾಡು ಎಲ್ಲರಿಗಿಂತ ಕಷ್ಟದ್ದು. ಮೂರು ವರ್ಷ ಪ್ರತಿದಿನ ಬೆಳಗ್ಗೆ ಮೈದಾನಕ್ಕೆ ಬಂದು, ಒಂದು ಪಂದ್ಯವನ್ನೂ ಆಡದೆ ಪದವಿ ಮುಗಿಸಿ ಹೊರಡುವವರು ಇದ್ದಾರೆ.

ಇನ್ನೊಂದು ಸೂಕ್ಷ್ಮ ವಿಚಾರವಿದೆ. ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಕೇರಳದಿಂದ ಬಂದು ಓದುವವರು ಬಹಳ ಮಂದಿ, ಈಶಾನ್ಯ ರಾಜ್ಯಗಳವರೂ ಇದ್ದಾರೆ. ಫುಟ್‌ಬಾಲ್ ಅವರ ಊರಿನ ಆಟ. ಕ್ರೀಡಾ ಕೋಟಾದಲ್ಲಿ ಸೇರಿದವನಿಗೆ ಊಟ, ವಸತಿ ಕೊಟ್ಟು ಸಾಕಿದ ಮೇಲೆ ಆತನನ್ನು ಆಡಿಸಲೇಬೇಕು ಎಂಬ ಒತ್ತಡ ಒಂದು ಕಡೆ. ನಮ್ಮೂರ ಮಕ್ಕಳಿಗೆ ಅವಕಾಶ ತಪ್ಪಿತು ಎಂಬ ಅಸಮಾಧಾನ ಇನ್ನೊಂದು ಕಡೆ. ನನ್ನ ದೃಷ್ಟಿಯಲ್ಲಿ ಎರಡೂ ವಾದಗಳು ದುರ್ಬಲ. ಹಿಂದೆ ಮಾಡಿದ ವೆಚ್ಚ ಮರಳಿ ಬರುವುದಿಲ್ಲ, ಮುಂದಿನ ಆಯ್ಕೆಗೆ ಅದು ಆಧಾರವಾಗಬಾರದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಹಾಗೆಯೇ ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬನೂ ಆ ಕಾಲೇಜಿನವನೇ. ಆತನ ಮನೆ ಕಣ್ಣೂರಿನಲ್ಲಿದೆಯೋ ಕಾಪುವಿನಲ್ಲಿದೆಯೋ ಎಂಬುದು ಚೆಂಡಿಗೆ ಸಂಬಂಧಿಸಿದ ವಿಚಾರವಲ್ಲ.

ಸಂಯೋಜನೆಯ ಬಗೆಗೂ ಒಂದು ಮಾತು. ಡೇವಿಡ್ ರಿಕಾರ್ಡೋ 1817ರಲ್ಲಿ ದೇಶಗಳ ವ್ಯಾಪಾರದ ಕುರಿತು ಮಂಡಿಸಿದ ತೌಲನಿಕ ಅನುಕೂಲದ ತತ್ತ್ವ ಆಟದ ಮೈದಾನಕ್ಕೂ ಅನ್ವಯಿಸುತ್ತದೆ. ಎಲ್ಲ ಸ್ಥಾನಗಳಲ್ಲಿಯೂ ಉತ್ತಮನಾದವನನ್ನು ಆತ ಅತ್ಯುತ್ತಮವಾಗಿ ಆಡುವ ಸ್ಥಾನದಲ್ಲಿಯೇ ನಿಲ್ಲಿಸಬೇಕೆಂದಿಲ್ಲ. ಬೇರೆಯವರು ತೀರ ದುರ್ಬಲರಾಗಿರುವ ಸ್ಥಾನದಲ್ಲಿ ನಿಲ್ಲಿಸಿದರೆ ತಂಡಕ್ಕೆ ಹೆಚ್ಚು ಲಾಭವಾಗಬಹುದು. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ವಿಕೆಟ್ ಕೀಪಿಂಗ್ ಕೈಗವಸು ತೊಟ್ಟದ್ದು, ಇಪ್ಪತ್ತು ವರ್ಷಗಳ ನಂತರ 2023ರಲ್ಲಿ ಕೆ.ಎಲ್. ರಾಹುಲ್ ಅದೇ ಹೊಣೆ ಹೊತ್ತು ಮಧ್ಯಮ ಕ್ರಮಾಂಕದಲ್ಲಿ 452 ರನ್ ಗಳಿಸಿದ್ದು ಈ ತತ್ತ್ವದ ಪ್ರಕಾರವೇ. ಆದರೆ ಅವರಿಬ್ಬರಿಗೂ ಅದು ಏಕೆಂದು ತಿಳಿದಿತ್ತು. ಕಾಲೇಜಿನಲ್ಲಿ ಮುನ್ನಡೆಯ ಆಟಗಾರನನ್ನು ಒಮ್ಮೆಗೇ ಹಿಂದಕ್ಕೆ ನಿಲ್ಲಿಸಿದಾಗ ಆತ ಅದನ್ನು ಶಿಕ್ಷೆ ಎಂದೇ ಭಾವಿಸುತ್ತಾನೆ, ಏಕೆಂದರೆ ಯಾರೂ ಆತನಿಗೆ ವಿವರಿಸಿರುವುದಿಲ್ಲ.

ತರಬೇತುದಾರರ ವಿವೇಚನೆಗೆ ಇಷ್ಟೆಲ್ಲ ಕಟ್ಟುಪಾಡು ಹಾಕಬಾರದು, ಆಟ ಕಡತದ ಕೆಲಸವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಪಂದ್ಯದ ದಿನ ಬೆಳಗ್ಗೆ ಹುಡುಗನ ಕಣ್ಣು ನೋಡಿ ತೆಗೆದುಕೊಳ್ಳುವ ನಿರ್ಧಾರಕ್ಕೆ ಕೋಷ್ಟಕಗಳು ಪರ್ಯಾಯವಾಗಲಾರವು. ಆದರೆ ವಿವೇಚನೆ ಬೇರೆ, ಮೌನ ಬೇರೆ. ಆಡಳಿತದಲ್ಲಿ ಕಾರಣ ನಮೂದಿಸಿದ ಆದೇಶ ಎಂಬ ಕಟ್ಟಳೆಯೊಂದಿದೆ. ಅಧಿಕಾರಿ ತನಗೆ ಸರಿಕಂಡಂತೆ ತೀರ್ಮಾನಿಸಬಹುದು, ಆದರೆ ಏಕೆಂದು ಬರೆಯಬೇಕು. ಬರೆಯಲು ಕುಳಿತಾಗ ಎಷ್ಟೋ ಬಾರಿ ತೀರ್ಮಾನವೇ ಬದಲಾಗುವುದನ್ನು ನಾನು ಕಂಡಿದ್ದೇನೆ. ಕಾರಣ ಹೇಳದಿದ್ದಲ್ಲಿ ಆ ಖಾಲಿ ಜಾಗವನ್ನು ಜಾತಿ, ಊರು, ಶಿಫಾರಸುಗಳ ಊಹಾಪೋಹಗಳು ತುಂಬಿಕೊಳ್ಳುತ್ತವೆ. ನಿಷ್ಪಕ್ಷಪಾತಿಯಾದ ತರಬೇತುದಾರರಿಗೂ ಇದರಿಂದ ಕಳಂಕ ತಪ್ಪದು.

2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ವ್ಯಾಜ್ಯಗಳಿಗೆಂದು ನ್ಯಾಯಮಂಡಳಿಯೊಂದನ್ನು ಕಲ್ಪಿಸಿದೆ. ಸ್ವಾಗತಾರ್ಹವೇ ಸರಿ. ಆದರೆ ಕಾಲೇಜಿನ ಹುಡುಗನೊಬ್ಬ ಎಡ ಹಿಂಬದಿಯ ಸ್ಥಾನಕ್ಕಾಗಿ ದೆಹಲಿಗೆ ಹೋಗಲಾರ, ಹೋಗಬೇಕಾದ ಅಗತ್ಯವೂ ಬರಬಾರದು. ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಮಟ್ಟದಲ್ಲಿ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದಾಗಿ, ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಆಯ್ಕೆಯ ಮಾನದಂಡಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಅಭ್ಯಾಸಕ್ಕೆ ಹಾಜರಾತಿ, ದೈಹಿಕ ಸಾಮರ್ಥ್ಯ, ಸ್ಥಾನಕ್ಕೆ ತಕ್ಕ ಕೌಶಲ ಇವುಗಳಿಗೆ ಎಷ್ಟೆಷ್ಟು ಮಹತ್ವ ಎಂಬುದು ಮುಂಚಿತವಾಗಿ ಗೊತ್ತಿರಲಿ. ಎರಡನೆಯದಾಗಿ, ಒಂದು ದಿನದ ಪರೀಕ್ಷೆಗೆ ಬದಲು ಕನಿಷ್ಠ ನಾಲ್ಕೈದು ಅಭ್ಯಾಸ ಪಂದ್ಯಗಳನ್ನು ಇಬ್ಬರು ಪ್ರತ್ಯೇಕವಾಗಿ ನೋಡಿ ಅಂಕ ನೀಡಬೇಕು. ಇಬ್ಬರಲ್ಲಿ ಒಬ್ಬರು ನೆರೆಯ ಕಾಲೇಜಿನವರಾಗಿದ್ದರೆ ಇನ್ನೂ ಒಳ್ಳೆಯದು. ಮೂರನೆಯದಾಗಿ, ಸ್ಥಾನ ತಪ್ಪಿದವನಿಗೆ ತರಬೇತುದಾರರು ಎದುರು ಕೂರಿಸಿ, ಏನು ಕೊರತೆ, ಅದನ್ನು ನೀಗಿಸಿಕೊಳ್ಳುವುದು ಹೇಗೆ ಎಂದು ಹೇಳಬೇಕು. ಹತ್ತು ನಿಮಿಷದ ಕೆಲಸವಿದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ನಾಕೌಟ್‌ಗೆ ಮೊದಲು ವಲಯವಾರು ಲೀಗ್ ಪಂದ್ಯಗಳನ್ನು ನಡೆಸಬೇಕು. ಉಡುಪಿ, ಮಣಿಪಾಲ, ಕಾರ್ಕಳ, ಕಾಪು ಇವೆಲ್ಲ ಒಂದು ಬಸ್ಸಿನ ದೂರದಲ್ಲಿವೆ. ಫುಟ್‌ಬಾಲ್‌ನ ನಿಯಮಗಳೇ ಈ ದಿಕ್ಕಿನಲ್ಲಿ ಬದಲಾಗಿವೆ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಮೊದಲು ಅವಕಾಶ ದೊರೆತದ್ದು 1970ರಲ್ಲಿ, ಪಂದ್ಯಕ್ಕೆ ಇಬ್ಬರಂತೆ. 2022ರಿಂದ ಐದು ಮಂದಿಯನ್ನು ಬದಲಿಸಲು ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಕಾಯಂ ಆಗಿ ಅವಕಾಶವಿದೆ. ಲೀಗ್ ಹಂತದಲ್ಲಿ ಪಟ್ಟಿಯಲ್ಲಿರುವ ಪ್ರತಿಯೊಬ್ಬನಿಗೂ ಇಂತಿಷ್ಟು ನಿಮಿಷದ ಆಟ ಕಡ್ಡಾಯ ಎಂದು ವಿಶ್ವವಿದ್ಯಾಲಯ ನಿಯಮ ಮಾಡಿದರೆ, ಎರಡನೇ ಗೋಲ್‌ಕೀಪರನೂ ಒಮ್ಮೆಯಾದರೂ ಆಯ್ಕೆದಾರರ ಕಣ್ಣಿಗೆ ಬೀಳುತ್ತಾನೆ.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮೊದಲಿನ ಗೆಲುವು 1968-69ರದು, ಆಗ ನಮ್ಮ ರಾಜ್ಯದ ಹೆಸರು ಮೈಸೂರು ಎಂದಿತ್ತು. ನಡುವಿನ ಅರ್ಧ ಶತಮಾನದಲ್ಲಿ ರಾಜ್ಯದಲ್ಲಿ ಪ್ರತಿಭೆಯೇ ಇರಲಿಲ್ಲ ಎಂದು ನಾನು ನಂಬಲಾರೆ. ಅವರಲ್ಲಿ ಎಷ್ಟು ಮಂದಿ ಯಾವ ಯಾವ ಕಾಲೇಜಿನ ಬೆಂಚುಗಳ ಮೇಲೆ ಕುಳಿತು ಕಾಲ ಕಳೆದರೋ ಲೆಕ್ಕವಿಟ್ಟವರಿಲ್ಲ. ಮುಂದಿನ ತಲೆಮಾರಿಗಾದರೂ ಆ ಲೆಕ್ಕ ಇಡುವ ಕೆಲಸವನ್ನು ಕರಾವಳಿಯ ಕಾಲೇಜುಗಳು ಈ ವರ್ಷದಿಂದಲೇ ಆರಂಭಿಸಬಹುದು.