ತಾಯಿಯನ್ನು ಕರೆಸಿಕೊಳ್ಳಲು ಅರ್ಜಿ ಎಲ್ಲಿ ಕೊಡಬೇಕು?



ಗವಿಪುರಂನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ವರ್ಷದಿಂದ ಒಬ್ಬ ಟಿಬೆಟಿನ ಹೆಣ್ಣುಮಗಳು ಬಾಡಿಗೆಗಿದ್ದಾಳೆ. ನರ್ಸ್ ಕೆಲಸ. ಏಳು ವರ್ಷದವಳಿದ್ದಾಗ ತಂದೆ ತಾಯಿ ಯಾರದೋ ಜೊತೆ ಮಾಡಿ ಹಿಮಾಲಯ ದಾಟಿಸಿದರಂತೆ. ಬೈಲಕುಪ್ಪೆಯಲ್ಲಿ ಓದಿದಳು. ನಮ್ಮ ಮೊಮ್ಮಕ್ಕಳಿಗಿಂತ ಅವಳ ಕನ್ನಡವೇ ಚೆನ್ನ. ಬಸವ ಜಯಂತಿಯ ದಿನ ಪ್ರಸಾದಕ್ಕೆ ಕರೆದಾಗ ಕೇಳಿದಳು: "ಅಂಕಲ್, ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಎಲ್ಲಿ ಕೊಡಬೇಕು?"

ಸರ್ಕಾರಿ ಕಚೇರಿಯಲ್ಲಿ ಅರ್ಜಿ ನೋಡುತ್ತಲೇ ನಿವೃತ್ತನಾದವನು ನಾನು. ವಿಚಾರಿಸಿದಾಗ ತಿಳಿಯಿತು, ಅಂಥ ಅರ್ಜಿಯೇ ನಮ್ಮ ದೇಶದಲ್ಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೂ ಇಲ್ಲ. ಶಶಿ ತರೂರ್ 2015ರಲ್ಲಿ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಹಾಗಾಗಿ ಇಲ್ಲಿನ ಹೋರಾಟವೆಲ್ಲ ಕೋರ್ಟಿನ ಮೆಟ್ಟಿಲಲ್ಲಿ, ಒಬ್ಬೊಬ್ಬರ ಹೆಸರಿನಲ್ಲಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿನವರು ಭಾರತೀಯರೇ ಎಂದು 2013ರಲ್ಲಿ ನಮ್ಮ ಹೈಕೋರ್ಟೂ ಹೇಳಿತು. ಆದರೆ ಗಡಿಯಾಚೆ ಹುಟ್ಟಿದ ನಮ್ಮ ಈ ಹುಡುಗಿಗೆ ಅದರಿಂದ ಏನೂ ಇಲ್ಲ.

ಜರ್ಮನಿಯ ಕಥೆ ಬೇರೆ. ಯುದ್ಧದಿಂದ ಓಡಿಬಂದವರಲ್ಲಿ ಒಂದು ವರ್ಗಕ್ಕೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದನ್ನು ಅಲ್ಲಿನ ಸರ್ಕಾರ 2016ರಲ್ಲಿ ತಡೆಹಿಡಿಯಿತು. ಪ್ರೊ ಅಸೂಲ್ ಎಂಬ ಸಂಘಟನೆ ವಿರೋಧಿಸಿತು. ಅದರ ಜೊತೆಗೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಚರ್ಚುಗಳೂ ಬಾಯಿಬಿಟ್ಟವು. 2018ರ ಆಗಸ್ಟಿನಿಂದ ತಿಂಗಳಿಗೆ 1,000 ಮಂದಿಗೆ ಬಾಗಿಲು ತೆರೆಯಿತು. ಪೂರಾ ಗೆಲುವೇನಲ್ಲ. 2025ರಲ್ಲಿ ಮತ್ತೆ ಎರಡು ವರ್ಷಕ್ಕೆ ನಿಲ್ಲಿಸಿದ್ದಾರೆ, ಚರ್ಚಿನವರು ಮತ್ತೆ ಆಕ್ಷೇಪ ಎತ್ತಿದ್ದಾರೆ. ಓಟಿಲ್ಲದವರ ಪರವಾಗಿ ಓಟಿರುವವರು ಮಾತಾಡಿದ್ದು ಇಲ್ಲಿ ನಾನು ಗಮನಿಸಿದ ಸಂಗತಿ.

ನಮ್ಮ ಮಠಗಳಿಗೆ ಮನವಿ ಕೊಡುವುದು ಹೊಸದಲ್ಲ. ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಊರೂರಲ್ಲಿ ಸಮಾವೇಶ ಮಾಡಿದೆವು. 2018ರ ಮಾರ್ಚಿನಲ್ಲಿ ರಾಜ್ಯ ಸಂಪುಟ ಶಿಫಾರಸು ಮಾಡುವವರೆಗೆ ಬಿಡಲಿಲ್ಲ. ಫಲ ಏನಾಯಿತೆಂಬುದು ಬೇರೆ ಮಾತು, ನಮ್ಮ ಶಕ್ತಿಯಂತೂ ಗೊತ್ತಾಯಿತು. ಆ ಶಕ್ತಿಯನ್ನು ನಮ್ಮವರಲ್ಲದವರಿಗಾಗಿ ಎಷ್ಟು ಸಲ ಬಳಸಿದ್ದೇವೆ?

ಕಲ್ಯಾಣ ಬಿಟ್ಟ ಶರಣರೂ ನಿರಾಶ್ರಿತರೇ. ಬಸವಣ್ಣನವರು ಕೂಡಲಸಂಗಮದಲ್ಲಿ, ನೀಲಾಂಬಿಕೆ ತಂಗಡಗಿಯಲ್ಲಿ, ಗಂಗಾಂಬಿಕೆ ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಲ್ಲಿ, ಚನ್ನಬಸವಣ್ಣನವರು ಉಳವಿಯಲ್ಲಿ. ಒಂದೇ ಮನೆಯವರು, ನಾಲ್ಕು ದಿಕ್ಕು. ಆ ಉಳವಿ ಇರುವ ಜಿಲ್ಲೆಯಲ್ಲೇ ಮುಂಡಗೋಡವಿದೆ. 1966ರಲ್ಲಿ ನಿಜಲಿಂಗಪ್ಪನವರ ಕಾಲದಲ್ಲಿ ಟಿಬೆಟಿನವರಿಗೆ ನೆಲೆ ಸಿಕ್ಕಿದ್ದು ಅಲ್ಲಿ. ಉಳವಿ ಜಾತ್ರೆಗೆ ಹೋಗುವ ನಮ್ಮಲ್ಲಿ ಎಷ್ಟು ಜನ ಅಲ್ಲೊಮ್ಮೆ ಇಳಿದಿದ್ದೇವೋ!

ಚೀನಾದವರು ಬಿಡಬೇಕಲ್ಲ, ಗಡಿಯ ಭದ್ರತೆ ನೋಡಬೇಕಲ್ಲ ಎನ್ನುವವರಿದ್ದಾರೆ. ನೋಡಲೇಬೇಕು. ಬಂದವರನ್ನು ತನಿಖೆ ಮಾಡಲಿ, ಬೇಡವಾದರೆ ಕಾರಣ ಬರೆದು ನಿರಾಕರಿಸಲಿ. ಅದಕ್ಕೂ ಮೊದಲು ಒಂದು ಅರ್ಜಿ ಬೇಕಲ್ಲವೇ?

ನಾನೊಂದು ಕರಡು ಬರೆದಿಟ್ಟಿದ್ದೇನೆ. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು ಸೇರಿಕೊಳ್ಳಲು ಅರ್ಜಿ ಹಾಕುವ ಹಕ್ಕು, ನಿಗದಿತ ಅವಧಿಯಲ್ಲಿ ಲಿಖಿತ ಉತ್ತರ, ಇಷ್ಟೇ ಅದರಲ್ಲಿರುವುದು. ಪೂಜ್ಯರು ಸಹಿ ಹಾಕಿ ನಮ್ಮ ಸಂಸದರ ಕೈಗೆ ಕೊಡಬೇಕು. ಮುಂದಿನ ಮಾಸಿಕ ಶಿವಾನುಭವ ಗೋಷ್ಠಿಗೆ ತರುತ್ತೇನೆ. ಆ ಹುಡುಗಿಯನ್ನೂ ಕರೆದಿದ್ದೇನೆ. ರಾತ್ರಿ ಪಾಳಿ ಇಲ್ಲದಿದ್ದರೆ ಬರುತ್ತಾಳಂತೆ.